ಬಿಳಿಗೊಂದು, ಕಪ್ಪಿಗೊಂದು ಕೋಡ್ ಬೇಕಾ?

ನನ್ನ ಪುಟ್ಟ ಚೆಸ್ ಎಂಜಿನ್‌ನ ಇವ್ಯಾಲ್ಯುಯೇಶನ್ ಭಾಗವನ್ನು (ಯಾರ ಕಡೆ ಎಷ್ಟು ಮೇಲುಗೈ ಅಂತ ಅಂಕ ಹಾಕೋ ಕೋಡ್) ಮೂರು ಸಲ ಬರೆದಿದ್ದೇನೆ.

ಮೊದಲ ಸಲ ಸುಮ್ನೆ ಕಾಪಿ-ಪೇಸ್ಟ್. ಬಿಳಿಗೊಂದು ಫಂಕ್ಷನ್, ಕಪ್ಪಿಗೊಂದು. ಓದೋಕೆ ಸುಲಭ, ವೇಗಕ್ಕೂ ಕೊರತೆ ಇರಲಿಲ್ಲ. ಆದರೆ ಎಂಜಿನ್ ಕಪ್ಪು ಕಡೆ ಆಡುವಾಗ, ಎದುರಿಗೆ ಯಾರೂ ತಡೆಯೋರಿಲ್ಲದ ಕಾಲಾಳನ್ನು ಕೂಡ ಮುಂದೆ ತಳ್ಳುತ್ತಿರಲಿಲ್ಲ. ಹುಡುಕಿದರೆ ತಪ್ಪು ನನ್ನದೇ. ಬಿಳಿ ಕಾಲಾಳು ಏಳನೇ ಸಾಲು ಮುಟ್ಟಿದರೆ ದೊಡ್ಡ ಬೋನಸ್ ಇಟ್ಟಿದ್ದೆ. ಕಪ್ಪಿಗೆ ಅದು ಎರಡನೇ ಸಾಲಾಗಬೇಕಿತ್ತು. ಪೇಸ್ಟ್ ಮಾಡಿ 7 ಅನ್ನು ಹಾಗೇ ಬಿಟ್ಟಿದ್ದೆ. ಹುಟ್ಟಿದ ಜಾಗದಲ್ಲೇ ಕೂತರೆ ಬಹುಮಾನ ಸಿಗುತ್ತೆ ಅಂದ್ರೆ ಯಾರು ತಾನೇ ಕದಲುತ್ತಾರೆ?

ಎರಡನೇ ಸಲ ಒಂದೇ ಫಂಕ್ಷನ್, ಬಣ್ಣವನ್ನು ಆರ್ಗ್ಯುಮೆಂಟ್ ಆಗಿ ಕೊಟ್ಟೆ. ಎ1 ಮನೆ 0, ಎಚ್8 ಮನೆ 63 ಅಂತ ಎಣಿಸಿದರೆ, ಕಪ್ಪಿನ ಮನೆಯನ್ನು 56ರ ಜೊತೆ ಎಕ್ಸಾರ್ (ಎರಡು ಸಂಖ್ಯೆಗಳ ಬಿಟ್‌ಗಳು ಬೇರೆ ಇದ್ದಲ್ಲಿ 1, ಒಂದೇ ಇದ್ದಲ್ಲಿ 0) ಮಾಡಿದರೆ ಸಾಕು, ಯಾವ ಮನೆಗೆ ಎಷ್ಟು ಅಂಕ ಅನ್ನೋ ಬಿಳಿಯ ಟೇಬಲ್ಲೇ ಕಪ್ಪಿಗೂ ಆಗುತ್ತದೆ. ಇ2 ಅಂದ್ರೆ 12, ಅದು 52 ಆಗುತ್ತದೆ, ಅಂದ್ರೆ ಇ7. ನಾನು ಮೊದಲು ಜಾಣತನ ತೋರಿಸೋಕೆ ಹೋಗಿ 63ರಿಂದ ಕಳೆದಿದ್ದೆ. ಇ1ರ ರಾಜ ಡಿ8ಕ್ಕೆ ಹೋಗಿ ಮಂತ್ರಿಯ ಜಾಗದಲ್ಲಿ ಕೂತ! ಇನ್ನೊಂದು ಎಡವಟ್ಟು: ಕಾಲಾಳುಗಳ ಬಿಟ್‌ಬೋರ್ಡನ್ನು (ಮನೆಗೊಂದು ಬಿಟ್ ಇರೋ 64 ಬಿಟ್‌ಗಳ ಸಂಖ್ಯೆ) ಒಂದು ಸಾಲು ಮುಂದೆ ಸರಿಸೋಕೆ ಬಿಳಿಗೆ ಎಡಕ್ಕೆ 8 ಶಿಫ್ಟ್ ಮಾಡಬೇಕು, ಕಪ್ಪಿಗೆ ಬಲಕ್ಕೆ. ಎರಡಕ್ಕೂ ಎಡ ಶಿಫ್ಟನ್ನೇ ಇಟ್ಟು ಕಪ್ಪಿಗೆ ಮೈನಸ್ 8 ಕೊಟ್ಟರೆ ಸಿ ಪ್ಲಸ್ ಪ್ಲಸ್‌ನಲ್ಲಿ ನಡೆಯಲ್ಲ, ಏನು ಬೇಕಾದರೂ ಆಗಬಹುದು.

ಮೂರನೆಯದು ಟೆಂಪ್ಲೇಟ್. ಸ್ಟಾಕ್‌ಫಿಶ್ ಅನ್ನೋ ಹೆಸರಾಂತ ಚೆಸ್ ಎಂಜಿನ್‌ನ ಹಳೆಯ ಆವೃತ್ತಿಗಳಲ್ಲಿ ಇದ್ದದ್ದು ಇದೇ ದಾರಿ. ನಾವು ಒಂದೇ ಸಲ ಬರೆಯೋದು, ಎರಡು ಪ್ರತಿ ಮಾಡೋ ಕೆಲಸ ಕಂಪೈಲರ್‌ದು. ಶಿಫ್ಟ್ ಯಾವ ಕಡೆಗೆ ಅನ್ನೋದು ಕಂಪೈಲ್ ಆಗುವಾಗಲೇ ತೀರ್ಮಾನ. ಎರರ್ ಮೆಸೇಜ್ ಮಾತ್ರ ಒಂದು ಮೊಳ ಉದ್ದ. ಆದರೂ ನನ್ನ ಓಟು ಇದಕ್ಕೇ. ಟೆಂಪ್ಲೇಟ್ ಇಲ್ಲದ ಭಾಷೆಯಾದರೆ ಎರಡನೆಯದು ಸಾಕು. (ಇಡೀ ಬೋರ್ಡನ್ನೇ ತಿರುಗಿಸಿ ನೋಡೋ ದಾರಿಯೂ ಇದೆ. ಒಂದು ಸಂಜೆ ಕೂತು ಮಾಡಿದೆ, ಯಾವ ಬಿಟ್‌ಬೋರ್ಡ್ ತಿರುಗಿದೆ ಯಾವುದು ಇಲ್ಲ ಅಂತ ನನಗೇ ಗೊತ್ತಾಗಲಿಲ್ಲ, ಬಿಟ್ಟೆ.)

ಯಾವುದನ್ನೇ ಆರಿಸಿ, ಕನ್ನಡಿ ಪರೀಕ್ಷೆ ತಪ್ಪಿಸಬೇಡಿ. ಬೋರ್ಡನ್ನು ಮೇಲೆ-ಕೆಳಗೆ ಮಾಡಿ ಬಣ್ಣ ಅದಲು ಬದಲು ಮಾಡಿದರೆ, ಬಿಳಿ ಕಡೆಯಿಂದ ಲೆಕ್ಕ ಹಾಕಿದ ಸ್ಕೋರ್ ಅಷ್ಟೇ ಇದ್ದು ಚಿಹ್ನೆ ಮಾತ್ರ ಬದಲಾಗಬೇಕು. ಟೆಂಪ್ಲೇಟ್ ಹಾಕಿದ ಮೇಲೂ ನನಗೆ ಕೆಲವು ಕಡೆ ಒಂದು ಸೆಂಟಿಪಾನ್ (ಒಂದು ಕಾಲಾಳಿನ ಬೆಲೆಯ ನೂರನೇ ಒಂದು ಭಾಗ) ಕಮ್ಮಿ ಬರುತ್ತಿತ್ತು. ಬಣ್ಣಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕೊನೆಯ ಮೊತ್ತವನ್ನು ಅರ್ಧ ಮಾಡೋಕೆ ಬಲ ಶಿಫ್ಟ್ ಬಳಸಿದ್ದೆ: 5 ಇದ್ದದ್ದು 2 ಆಯ್ತು, ಮೈನಸ್ 5 ಇದ್ದದ್ದು ಮೈನಸ್ 3. ಭಾಗಾಕಾರ ಹಾಕಿದ ಮೇಲೆ ಎರಡೂ ಕಡೆ ಸರಿಹೋಯಿತು.