ಬೂತ್ ನಕ್ಷೆ: ವಿಕ್ಟೋರಿಯನ್ ಲಂಡನ್ ಓದುವವರಿಗೆ

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಗ್ರಂಥಾಲಯದ 'ಚಾರ್ಲ್ಸ್ ಬೂತ್ಸ್ ಲಂಡನ್' ಜಾಲತಾಣ ಪೂರ್ತಿ ಉಚಿತ. ಬೂತ್ ಲಂಡನ್ನಿನ ಬಡತನದ ಸಮೀಕ್ಷೆ ನಡೆಸಿದವನು. ಅವನ 1898-99ರ ಬಡತನದ ನಕ್ಷೆಯಲ್ಲಿ ಪ್ರತಿ ಬೀದಿಗೂ ಒಂದು ಬಣ್ಣ: ತೀರ ಕೆಳವರ್ಗದ ಪುಂಡರಿಗೆ ಕಪ್ಪು, ವಾರಕ್ಕೆ 18ರಿಂದ 21 ಶಿಲಿಂಗ್ ದುಡಿಯುವ ಸಂಸಾರಗಳಿಗೆ ತಿಳಿನೀಲಿ, ಅನುಕೂಲಸ್ಥ ಮಧ್ಯಮ ವರ್ಗಕ್ಕೆ ಕೆಂಪು, ಸಿರಿವಂತರಿಗೆ ಹಳದಿ. ಒಟ್ಟು ಏಳು ಬಣ್ಣ. ಕಾದಂಬರಿಯ ಪಾತ್ರ ಓಡಾಡುವ ಬೀದಿಗಳನ್ನು ಒಂದೊಂದಾಗಿ ಹುಡುಕಿ ನೋಡಿ. ಕೆಂಪು ಬೀದಿಯ ಬೆನ್ನಿಗೇ ಕಪ್ಪು ಓಣಿ ಅಂಟಿಕೊಂಡಿರುವುದು ಕಣ್ಣಿಗೆ ಹೊಡೆಯುತ್ತದೆ.

ನಿಜವಾದ ಆಸ್ತಿ ಬೂತ್‌ನ ಸಮೀಕ್ಷಕರು ಪೊಲೀಸರ ಜೊತೆ ಗಸ್ತು ತಿರುಗಿ ಬರೆದ ಟಿಪ್ಪಣಿ ಪುಸ್ತಕಗಳು. ಒಡೆದ ಕಿಟಕಿ, ಬಾಗಿಲಲ್ಲಿ ನಿಂತ ಮಕ್ಕಳ ಬೂಟು, ಎಲ್ಲವೂ ದಾಖಲು. ಹೀಗೆ ಬರೆದವರಲ್ಲಿ ಒಬ್ಬ ಜಾರ್ಜ್ ಡಕ್‌ವರ್ತ್, ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್‌ಳ ಮಲ ಅಣ್ಣ! ಪುಟಗಳು ಕೈಬರಹದ ಚಿತ್ರಗಳಾದ್ದರಿಂದ ಮೊಬೈಲ್‌ನಲ್ಲಿ ಓದಹೋದರೆ ಕಣ್ಣು ಸೋಲುತ್ತದೆ. ದೊಡ್ಡ ಪರದೆಯೇ ಬೇಕು.

ಎಡವುವುದು ಇಸವಿಯಲ್ಲಿ. 1896ರ 'ಎ ಚೈಲ್ಡ್ ಆಫ್ ದ ಜೇಗೊ' ಕಾದಂಬರಿಗೆ ಮೂಲವಾದ ಓಲ್ಡ್ ನಿಕೋಲ್ ಕೊಳೆಗೇರಿಯನ್ನು ಈ ನಕ್ಷೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಷ್ಟರಲ್ಲಿ ಅದನ್ನು ಕೆಡವಿ ಬೌಂಡರಿ ಸ್ಟ್ರೀಟ್ ವಸತಿ ಕಟ್ಟಲು ಹೊರಟಿದ್ದರು. ಅದಕ್ಕೆ ಬೂತ್‌ನದೇ 1889ರ ನಕ್ಷೆ ತೆಗೆಯಬೇಕು. 1850ರ ದಶಕದ ಕಾದಂಬರಿಗಂತೂ ಈ ಎರಡೂ ನಕ್ಷೆ ಸಲ್ಲವು. ಮನೆಗಳ ಸಾಲು, ಓಣಿಗಳ ಅಗಲ ಬೇಕಿದ್ದರೆ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ 1890ರ ದಶಕದ ಆರ್ಡ್ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ಹಾಳೆಗಳಿವೆ, ನೆಲದ ಒಂದು ಮೈಲಿಗೆ ಹಾಳೆಯಲ್ಲಿ ಐದು ಅಡಿ ಅಳತೆಯವು.

ಇನ್ನೊಂದು ಮಾತು: ಬಣ್ಣ ಬಳಿದದ್ದು ಸಮೀಕ್ಷಕರ, ಪೊಲೀಸರ ಕಣ್ಣು. ಆ ಕಪ್ಪನ್ನು ಪ್ರಬಂಧದಲ್ಲಿ ಪುರಾವೆ ಎಂದು ಹಾಗೇ ಇಳಿಸಬೇಡಿ.