ಪವರ್ ಬ್ಯಾಂಕ್, ಲೈಪೊ, 18650: ನಮ್ಮ ರೋಬೋಗೆ ಹೊಂದಿದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 18650 ಸೆಲ್‌ಗೆ, ಅಂದರೆ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಉರುಟು ಲಿಥಿಯಂ ಸೆಲ್‌ಗೆ. ಒಳ್ಳೆಯ ಸೆಲ್ ಎರಡು, ಸೀರೀಸ್‌ನಲ್ಲಿ (ಎರಡರ ವೋಲ್ಟೇಜ್ ಕೂಡುವಂತೆ ಒಂದರ ಹಿಂದೊಂದು). ಆದರೆ ಅದರದೇ ಕಳಪೆ ಮಾಲು ತಂದು ನಾನೂ ಮಗಳೂ ಒಂದು ವಾರ ಕಳೆದುಕೊಂಡೆವು.

ಅವಳು ಎಂಟನೇ ಕ್ಲಾಸು. ಮಾಡುತ್ತಿದ್ದದ್ದು ಕಪ್ಪು ಗೆರೆ ಹಿಡಿದು ಓಡುವ ಗಾಡಿ. ಎರಡು ಹಳದಿ ಬಿಒ ಮೋಟಾರ್ (ಹವ್ಯಾಸಿ ಗಾಡಿಗಳ ಚಿಕ್ಕ ಗೇರ್ ಮೋಟಾರ್), ಅವನ್ನು ಓಡಿಸುವ ಎಲ್298ಎನ್ ಡ್ರೈವರ್ ಬೋರ್ಡ್, ಗಾಡಿಯ ಮೆದುಳಾಗಿ ಆರ್ಡುಯಿನೊ ಊನೊ ಬೋರ್ಡ್.

ಮನೆಯಲ್ಲೇ ಇದೆ ಅಂತ ಮೊದಲು ಪವರ್ ಬ್ಯಾಂಕ್ ಕಟ್ಟಿದೆವು. ಅದು ಕೊಡುವುದು 5 ವೋಲ್ಟ್. ಡ್ರೈವರೇ ಸುಮಾರು 2 ವೋಲ್ಟ್ ತಿನ್ನುತ್ತದೆ. ಉಳಿದ 3ರಲ್ಲಿ ಗಾಡಿ ತೆವಳಿತು. ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿಸಿದರೆ, ಫೋನ್ ಚಾರ್ಜ್ ಆಗಿ ಮುಗಿಯಿತು ಅಂದುಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತಿತ್ತು.

ಆಮೇಲೆ ಗೆಳೆಯನೊಬ್ಬನಿಂದ ಎರಡು ಸೆಲ್‌ನ ಲೈಪೊ (ಲಿಥಿಯಂ ಪಾಲಿಮರ್) ಪ್ಯಾಕ್ ತಂದೆ. ಅದರ ಶಕ್ತಿಯ ಬಗ್ಗೆ ಎರಡು ಮಾತಿಲ್ಲ. ಹಗುರ, ಎಷ್ಟು ಕರೆಂಟ್ ಕೇಳಿದರೂ ಕೊಡುತ್ತದೆ. ಆದರೆ ಎರಡೂ ಸೆಲ್ಲನ್ನು ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಬೇರೆ ಕೊಳ್ಳಬೇಕು. ಒಂದೊಂದು ಸೆಲ್ಲೂ 3 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ತುಂಬಾ ದಿನ ಎತ್ತಿಡುವುದಾದರೆ 3.8ರ ಹತ್ತಿರ ಇಡಬೇಕು. ನಮ್ಮ ಮನೆಯಲ್ಲಿ ಪರೀಕ್ಷೆ ಬಂತೆಂದರೆ ಗಾಡಿ ಎರಡು ತಿಂಗಳು ಅಟ್ಟ ಸೇರುತ್ತದೆ. ಮೆತ್ತಗಿನ ಆ ಪ್ಯಾಕ್ ಊದಿಕೊಂಡರೆ, ಚುಚ್ಚಿಕೊಂಡರೆ ಎಂಬ ಭಯ ನನಗೆ ಹೋಗಲೇ ಇಲ್ಲ. ವಾಪಸ್ ಕೊಟ್ಟೆ.

ಆ ಶನಿವಾರ ವಿಜಯನಗರದಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋದೆವು. ಒಂದು ಅಂಗಡಿಯಲ್ಲಿ 18650 ಸೆಲ್ ತುಂಬಾ ಅಗ್ಗಕ್ಕೆ ಸಿಕ್ಕಿತು. ಮೇಲೆ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಅಂತ ಬರೆದಿತ್ತು. ಖುಷಿಯಿಂದ ಎರಡು ತಂದೆ.

ಮೇಜಿನ ಮೇಲೆ ಚಕ್ರ ಎತ್ತಿ ಹಿಡಿದರೆ ಗಾಡಿ ಚೆನ್ನಾಗಿ ಓಡುತ್ತಿತ್ತು. ನೆಲಕ್ಕಿಟ್ಟು ತಿರುವು ಬಂದ ಕೂಡಲೇ ಊನೊ ರೀಸೆಟ್. "ಅಪ್ಪಾ, ಮತ್ತೆ ನಿಂತೋಯ್ತು" ಅಂತ ಅವಳು ಕೂಗುವುದು, ನಾನು ಕೋಡ್ ತಿದ್ದುವುದು. ಮೂರು ಸಂಜೆ ಹೀಗೇ ಹೋಯಿತು. ಸೆನ್ಸರ್ ಬದಲಿಸಿದೆವು, ವೈರ್ ಬದಲಿಸಿದೆವು. ಕೊನೆಗೆ ಅವಳಿಗೇ ಹೊಳೆದು, ಗಾಡಿ ಓಡುವಾಗ ಸೆಲ್ ಮೇಲೆ ಮಲ್ಟಿಮೀಟರ್ ಹಿಡಿದಳು. ನಿಂತಾಗ 8 ವೋಲ್ಟ್. ತಿರುವಿಗೆಂದು ಮೋಟಾರ್ ಹಿಂದಕ್ಕೆ ತಿರುಗಿದ ಕ್ಷಣ 4ರ ಹತ್ತಿರ!

ಮುಂದಕ್ಕೆ ತಿರುಗುತ್ತಿರುವ ಮೋಟಾರನ್ನು ಒಮ್ಮೆಲೇ ಹಿಂದಕ್ಕೆ ತಿರುಗಿಸಿದರೆ, ನಿಂತಲ್ಲಿಂದ ಶುರು ಮಾಡುವುದಕ್ಕಿಂತಲೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಒಳಗಿನ ರೆಸಿಸ್ಟೆನ್ಸ್ ಜಾಸ್ತಿ ಇರುವ ಸೆಲ್‌ನ ವೋಲ್ಟೇಜ್ ಅಲ್ಲಿ ಕುಸಿಯುತ್ತದೆ, ಅದನ್ನೇ ನಂಬಿದ ಊನೊ ರೀಸೆಟ್ ಆಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಸೆಲ್ ತೂಗಿದೆ, 31 ಗ್ರಾಂ. ಒಳ್ಳೆಯ 18650 ಸುಮಾರು 45 ಗ್ರಾಂ ತೂಗುತ್ತದೆ. ಅದೂ ಅಲ್ಲದೆ, ಆ ಗಾತ್ರದಲ್ಲಿ ಸಾಮಾನ್ಯವಾಗಿ ಸಿಗುವ ಒಳ್ಳೆಯ ಸೆಲ್‌ಗಳೇ 3500 ಎಂಎಎಚ್ ಸುತ್ತಮುತ್ತ ನಿಲ್ಲುತ್ತವೆ. 9900 ಅಂತ ಓದಿದಾಗಲೇ ನನಗೆ ಅನುಮಾನ ಬರಬೇಕಿತ್ತು ಅಲ್ವಾ?

ಬೇರೆ ಕಡೆ ಹೋಗಿ ಒಳ್ಳೆಯ ಕಂಪನಿಯ 2500 ಎಂಎಎಚ್‌ನ ಸೆಲ್ ತಂದೆ. ತೆಳು ಸ್ಪ್ರಿಂಗಿನ ಹೋಲ್ಡರ್ ಬಿಸಿಯಾಗುತ್ತಿತ್ತು, ಅದನ್ನೂ ಬಿಟ್ಟು ಅಗಲ ಲೋಹದ ಪಟ್ಟಿಯದನ್ನು ಹಾಕಿದೆ. ರೀಸೆಟ್ ಅಲ್ಲಿಗೆ ನಿಂತಿತು. ನಾಮಮಾತ್ರ 7.4 ವೋಲ್ಟ್‌ನಲ್ಲಿ ಡ್ರೈವರ್ ತಿಂದು ಉಳಿಯುವುದು 5ರ ಮೇಲೆ, ಬಿಒ ಮೋಟಾರ್‌ಗೆ ಅದು ಸರಿಯಾದ ಊಟ.

ರೇಸಿಗೆ ಹಗುರ ಗಾಡಿ ಕಟ್ಟುವವರು ಲೈಪೊ ತೆಗೆದುಕೊಳ್ಳಲಿ. ನನ್ನ ಬಜೆಟ್ ಸಾವಿರ ರೂಪಾಯಿ. ಸೆಲ್, ಹೋಲ್ಡರ್, ಚಾರ್ಜರ್ ಅಷ್ಟರಲ್ಲೇ ಮುಗಿಯಿತು. ಬರಿಯ ಸೆಲ್‌ಗೆ ರಕ್ಷಣೆಯ ಸರ್ಕಿಟ್ ಇರುವುದಿಲ್ಲ. ಅದಕ್ಕೆ ಮಗಳು ಎರಡು ರೆಸಿಸ್ಟರ್ ಹಾಕಿ ಊನೊದಿಂದಲೇ ವೋಲ್ಟೇಜ್ ಅಳೆಯುವಂತೆ ಮಾಡಿದ್ದಾಳೆ. 7ಕ್ಕೆ ಇಳಿದರೆ ಕೆಂಪು ಎಲ್‌ಇಡಿ ಹತ್ತುತ್ತದೆ, ಸೆಲ್ ಬಿಚ್ಚಿ ಚಾರ್ಜರ್‌ಗೆ ಹಾಕುತ್ತೇವೆ. ಅಟ್ಟಕ್ಕೆ ಹೋಗುವಾಗಲೂ ಸೆಲ್ ಬಿಚ್ಚಿಯೇ ಹೋಗುತ್ತದೆ ಗಾಡಿ.