ಪೆಸಿಫಿಕಾ 112ವಿ: ಆರು ಮಳೆಗಾಲ ಕಳೆದ ಮೇಲೆ

ಯಮಹಾದ ಈ ಎಲೆಕ್ಟ್ರಿಕ್ ಗಿಟಾರಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿರುವುದು ಟೋನ್ ಗುಂಡಿ. ನೋಡಲು ಮಾಮೂಲಿ ತಿರುಗಿಸುವ ಗುಂಡಿಯೇ. ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆಳೆದರೆ ‘ಟಕ್’ ಅಂತ ಎದ್ದು ನಿಲ್ಲುತ್ತದೆ, ಒತ್ತಿದರೆ ಮತ್ತೆ ಕೂರುತ್ತದೆ. 2019ರ ಡಿಸೆಂಬರಿನಲ್ಲಿ ಅಂಗಡಿಯಲ್ಲಿ ಹಣ ಎಣಿಸಿ ಕೊಡುವಾಗ ಈ ಗುಂಡಿಯ ಬಗ್ಗೆ ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಈಗ ಯಾರಾದರೂ ‘ಎಲ್ಲ ಥರದ ಹಾಡಿಗೂ ಆಗುವ ಎಲೆಕ್ಟ್ರಿಕ್ ಗಿಟಾರ್ ಯಾವುದು’ ಅಂತ ಕೇಳಿದರೆ ಮಾತಿಗೆ ಮೊದಲು ಅದನ್ನೇ ಎಳೆದು ತೋರಿಸುತ್ತೇನೆ.

ನಾನು ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಹಾಜರಿ, ಸಂಜೆ ತೂಕ, ಲೆಕ್ಕ. ಗಿಟಾರ್ ಕೈಗೆ ಬರುವುದು ರಾತ್ರಿ ಎಂಟರ ಮೇಲೆ. ನಮ್ಮದೊಂದು ಐದು ಜನರ ಸಣ್ಣ ಆರ್ಕೆಸ್ಟ್ರಾ ಇದೆ. ಗಣೇಶ ಕೂರಿಸಿದ ಕಡೆ, ಮದುವೆ ರಿಸೆಪ್ಷನ್ನಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗುತ್ತೇವೆ. ಒಂದೇ ರಾತ್ರಿಯಲ್ಲಿ ಮೊದಲು ಎರಡು ಭಕ್ತಿಗೀತೆ, ಆಮೇಲೆ ಎಂಬತ್ತರ ದಶಕದ ಮೆಲೊಡಿ, ಹತ್ತು ಗಂಟೆಯ ಹೊತ್ತಿಗೆ ಹುಡುಗರು ವೇದಿಕೆ ಮುಂದೆ ಬಂದು ಕುಣಿಯುವ ಹಾಡು. ಮೊದಲನೆಯದಕ್ಕೆ ತಿಳಿಯಾದ ಗಂಟೆಯ ನಾದ ಬೇಕು, ಕೊನೆಯದಕ್ಕೆ ಡಿಸ್ಟಾರ್ಷನ್ ಹಾಕಿ ದಪ್ಪಗೆ ಬಾರಿಸಬೇಕು. ಎರಡು ಗಿಟಾರ್ ಒಯ್ಯಲು ಬೈಕಿನಲ್ಲಿ ಜಾಗವಿಲ್ಲ. ಆಗ ಕೈಯಲ್ಲಿದ್ದದ್ದು ₹25,000, ಅದರಲ್ಲೇ ಎಲ್ಲ ಮುಗಿಯಬೇಕಿತ್ತು.

ಅದಕ್ಕೂ ಮೊದಲು ಒಂದು ಗಿಟಾರ್ ಇತ್ತು. ಬ್ರ್ಯಾಂಡಿನ ಹೆಸರು ಬೇಡ. ಜೂನ್‌ನಲ್ಲಿ ತಂದೆ, ಮಳೆಗಾಲ ಪೂರ್ತಿ ಚೆನ್ನಾಗಿಯೇ ಇತ್ತು. ಫೆಬ್ರವರಿ ಒಣ ಹವೆ ಬಂದದ್ದೇ ಎಡಗೈ ಅಂಗೈ ಅಂಚಿಗೆ ಏನೋ ಗೀರಿದ ಹಾಗಾಗತೊಡಗಿತು. ನೆಕ್‌ನ, ಅಂದರೆ ಗಿಟಾರಿನ ಕತ್ತಿನ, ಮರ ಒಣಗಿ ಕುಗ್ಗಿತ್ತು, ಅದರ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಫ್ರೆಟ್ ಪಟ್ಟಿ ಕುಗ್ಗುವುದಿಲ್ಲವಲ್ಲ, ಅದರ ತುದಿಗಳು ಗರಗಸದ ಹಲ್ಲಿನಂತೆ ಎರಡೂ ಕಡೆ ಇಣುಕುತ್ತಿದ್ದವು. ಮುಂದಿನ ಮಳೆಗೆ ಜ್ಯಾಕ್ ತುಕ್ಕು ಹಿಡಿಯಿತು, ಸ್ವಿಚ್ ಕರಕರ ಅನ್ನಲು ಶುರುವಾಯಿತು. ಮಾರಿದ ಅಂಗಡಿಯವರು ‘ನಿಮ್ಮೂರಿನ ಹವೆ, ನಾವೇನು ಮಾಡೋದು’ ಅಂದುಬಿಟ್ಟರು. ಆ ಮಾತು ನೋಯಿಸಿತು, ಆದರೆ ಅದರಲ್ಲಿ ಅರ್ಧ ಸತ್ಯ ಇತ್ತು. ಗಿಟಾರಿಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55 ಅನ್ನುತ್ತಾರೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ನಮ್ಮ ಮನೆಯ ಚರ್ಮದ ಚಪ್ಪಲಿಗೆ ಎರಡೇ ದಿನಕ್ಕೆ ಬೂಸ್ಟು ಬರುತ್ತದೆ.

ಹಾಗಾಗಿ ಎರಡನೆಯ ಸಲ ಮೈಸೂರು, ಬೆಂಗಳೂರು ಎರಡೂ ಕಡೆ ಅಂಗಡಿ ಸುತ್ತಿದೆ. ಮೊದಲು ಹಿಡಿದದ್ದು ಸ್ಕ್ವಯರ್‌ನ ಸ್ಟ್ರಾಟ್. ಫೆಂಡರ್‌ನವರು 1954ರಲ್ಲಿ ತಂದ ಸ್ಟ್ರಾಟೊಕ್ಯಾಸ್ಟರ್‌ನ ಕಡಿಮೆ ಬೆಲೆಯ ರೂಪ ಅದು, ಸ್ಕ್ವಯರ್ ಫೆಂಡರ್‌ನದೇ ಬ್ರ್ಯಾಂಡ್. ಮೂರು ಸಿಂಗಲ್ ಕಾಯಿಲ್ (ತಂತಿಯ ಕಂಪನ ಹಿಡಿಯುವ ಒಂಟಿ ಸುರುಳಿಯ ಪಿಕಪ್), ಮೆಲೊಡಿಗೆ ಅದರಷ್ಟು ಸಿಹಿ ಇನ್ನೊಂದಿಲ್ಲ ಅನ್ನಿಸಿತು. ನಂತರ ಎಪಿಫೋನ್‌ನ ಲೆಸ್ ಪಾಲ್. ಎರಡು ಹಂಬಕರ್ (ಜೋಡಿ ಸುರುಳಿಯ ಪಿಕಪ್), ತುಂಬಿದ ದನಿ, 24.75 ಇಂಚಿನ ಗಿಡ್ಡ ಸ್ಕೇಲ್ (ನುಡಿಯುವ ತಂತಿಯ ಉದ್ದ) ಆದ್ದರಿಂದ ತಂತಿ ಎಳೆಯಲು ಬೆರಳಿಗೆ ಹಗುರ. ಹೆಗಲಿಗೆ ಮಾತ್ರ ಭಾರ, ಮೂರು ಗಂಟೆ ನಿಂತು ನುಡಿಸುವ ನನಗೆ ಆಗಲಿಲ್ಲ. ಐಬಾನೆಜ್‌ನ ನೆಕ್ ತೆಳ್ಳಗೆ, ಚುರುಕಾಗಿ ನುಡಿಸುವವರಿಗೆ ಹೇಳಿ ಮಾಡಿಸಿದ್ದು. ನನ್ನದು ಕತ್ತರಿ ಹಿಡಿದು ಗಟ್ಟಿಯಾದ ಕೈ, ತುಸು ದುಂಡಗಿನ ನೆಕ್ ಇದ್ದರೇ ಹಿಡಿತ ಸಿಗುವುದು. ಪಿಆರ್‌ಎಸ್‌ನ ಎಸ್‌ಇ ಮಾಲಿಕೆಯದೊಂದನ್ನು ನುಡಿಸಿ ಮನಸ್ಸಿಲ್ಲದೆ ವಾಪಸ್ ಇಟ್ಟೆ, ಬೆಲೆ ಕೈಗೆಟುಕುವಂಥದ್ದಲ್ಲ.

ಈ ಸುತ್ತಾಟದಲ್ಲಿ ತಿಳಿದ ಒಂದು ಸಂಗತಿ ಬ್ರ್ಯಾಂಡ್ ಜಗಳವನ್ನೇ ನನ್ನ ತಲೆಯಿಂದ ತೆಗೆದುಹಾಕಿತು. ಈ ಬೆಲೆಯ ಗಿಟಾರುಗಳಲ್ಲಿ ಎಷ್ಟೋ ತಯಾರಾಗುವುದು ಇಂಡೊನೇಷ್ಯಾದಲ್ಲಿ. ಕೊರಿಯಾದ ಕಾರ್ಟ್ ಕಂಪನಿ ತನ್ನ ಹೆಸರಿನ ಗಿಟಾರನ್ನೂ ಮಾಡುತ್ತದೆ, ಬೇರೆಯವರ ಹೆಸರಿನದನ್ನೂ ಮಾಡಿಕೊಡುತ್ತದೆ. ಹೆಡ್‌ಸ್ಟಾಕ್ (ಗಿಟಾರಿನ ತಲೆ) ಮೇಲಿನ ಹೆಸರು ನೋಡಿ ಗುಣಮಟ್ಟ ಹೇಳಲು ಬರುವುದಿಲ್ಲ. ಒಂದೇ ಮಾಡೆಲಿನ ಎರಡು ಗಿಟಾರ್ ಪಕ್ಕಪಕ್ಕ ಇಟ್ಟು ನೋಡಿದರೂ ವ್ಯತ್ಯಾಸ ಕಾಣುತ್ತದೆ.

ಆದ್ದರಿಂದ ಕೈಯಿಂದಲೇ ನೋಡಬೇಕು. ನೆಕ್‌ನ ಎರಡೂ ಅಂಚಿಗೆ ಅಂಗೈ ತಾಗಿಸಿ ಮೇಲಿನಿಂದ ಕೆಳಗೆ ಸವರಿ, ಎಲ್ಲಾದರೂ ಗೀರಿದರೆ ಅದು ಬೇಡ. ಆರೂ ತಂತಿಯನ್ನು ಪ್ರತಿ ಫ್ರೆಟ್‌ನಲ್ಲೂ ಒತ್ತಿ ನುಡಿಸಿ, ಎಲ್ಲಿ ಸ್ವರ ಸಾಯುತ್ತದೋ ಕೇಳಿ. ಒಂದನೆಯ ಫ್ರೆಟ್ ಮತ್ತು ಮೈಗೆ ನೆಕ್ ಸೇರುವ ಕಡೆಯ ಫ್ರೆಟ್ ಎರಡನ್ನೂ ಒತ್ತಿ ಹಿಡಿದರೆ ಏಳೆಂಟನೆಯ ಫ್ರೆಟ್ ಹತ್ತಿರ ತಂತಿಯ ಕೆಳಗೆ ತೆಳು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು. ಮುಖ್ಯವಾಗಿ, ನೆಕ್‌ನ ಬಾಗು ಸರಿಮಾಡಲು ಒಳಗಿರುವ ಟ್ರಸ್ ರಾಡ್ ಎಂಬ ಲೋಹದ ಸರಳು ತಿರುಗುತ್ತದೆಯೇ ಅಂತ ಅಂಗಡಿಯವರ ಕೈಯಲ್ಲೇ ಅಲೆನ್ ಕೀ ಹಾಕಿಸಿ ನೋಡಿ. ಬಯಲುಸೀಮೆಯವರಿಗೆ ಇದು ಅತಿ ಅನ್ನಿಸಬಹುದು. ಶಾಂತಳ್ಳಿ, ಭಾಗಮಂಡಲ ಕಡೆ ಇರುವವರಿಗೆ ವರ್ಷಕ್ಕೆ ಎರಡು ಸಲ ಆ ಕೀ ಬೇಕೇ ಬೇಕು. ಕುಶಾಲನಗರದ ಗೆಳೆಯನಿಗೆ ಅಷ್ಟು ಕಾಟ ಇಲ್ಲ, ಅಲ್ಲಿ ಮಳೆ ಕಡಿಮೆ.

ಯಮಹಾ ಪೆಸಿಫಿಕಾ ಈ ಪರೀಕ್ಷೆಯಲ್ಲೆಲ್ಲ ಸಲೀಸಾಗಿ ಪಾಸಾಯಿತು. ಈ ಮಾಲಿಕೆ 1990ರಿಂದ ಇದೆ. ಉಳಿದ ವಿವರ ಎಲ್ಲ ಕಡೆ ಸಿಗುತ್ತದೆ, ಬರೆಯಲು ಹೋಗುವುದಿಲ್ಲ. ಒಂದೇ ಒಂದು ಹೇಳುತ್ತೇನೆ. ಇದರ ಫ್ರೆಟ್‌ಬೋರ್ಡ್ ರೋಸ್‌ವುಡ್‌ನದು. ರೋಸ್‌ವುಡ್ ಅಂದರೆ ನಮ್ಮ ಬೀಟೆಯ ಜಾತಿ. ನಮ್ಮ ತೋಟದ ಮೇಲಿನ ಬ್ಲಾಕಿನಲ್ಲಿ ನಾಲ್ಕು ದೊಡ್ಡ ಬೀಟೆ ಮರಗಳಿವೆ, ಕಾಫಿಗೆ ನೆರಳು ಕೊಟ್ಟುಕೊಂಡು ನಿಂತಿವೆ, ಅನುಮತಿ ಇಲ್ಲದೆ ಕೊಡಲಿ ಮುಟ್ಟಿಸುವ ಹಾಗಿಲ್ಲ. ಹಗಲು ಆ ಮರದ ಬುಡದಲ್ಲಿ ನಿಂತು ಆಳಿನ ಲೆಕ್ಕ ಬರೆದು, ರಾತ್ರಿ ಅದೇ ಕಂದು ಬಣ್ಣದ, ಅದೇ ಕಪ್ಪು ಗೆರೆಯ ಮರದ ಮೇಲೆ ಬೆರಳಿಡುವಾಗ ಒಂದು ಸಂತೋಷ ಇದೆ. ವರ್ಷಕ್ಕೊಮ್ಮೆ ತಂತಿ ಬಿಚ್ಚಿ ಹತ್ತಿಯಲ್ಲಿ ನಾಲ್ಕು ಹನಿ ಎಣ್ಣೆ ಒರೆಸಿದರೆ ಗೆರೆಗಳು ಮಳೆಯಲ್ಲಿ ನೆನೆದ ತೊಗಟೆಯಂತೆ ಕಪ್ಪಾಗಿ ಎದ್ದು ಬರುತ್ತವೆ.

ಇನ್ನು ತೊಂದರೆಯ ವಿಷಯ. ಗುಂಯ್ ಶಬ್ದ.

ಮೊದಲ ವರ್ಷ ಕಾರ್ಯಕ್ರಮಗಳೇ ಇರಲಿಲ್ಲ, ಕೊರೊನಾ. ಆಮೇಲಿನ ಮೊದಲ ಗಣೇಶನ ಪೆಂಡಾಲು ಇನ್ನೂ ನೆನಪಿದೆ. ವೇದಿಕೆ ಹಿಂದೆ ಜನರೇಟರ್, ಸುತ್ತ ಸೀರಿಯಲ್ ಸೆಟ್, ತಲೆ ಮೇಲೆ ಬಣ್ಣದ ಲೈಟು. ಭಕ್ತಿಗೀತೆಗೆಂದು ನೆಕ್ ಹತ್ತಿರದ ಸಿಂಗಲ್ ಕಾಯಿಲ್‌ಗೆ ಸ್ವಿಚ್ ಹಾಕಿ ವಾಲ್ಯೂಮ್ ಏರಿಸಿದ ಕ್ಷಣ ಸ್ಪೀಕರಿನಿಂದ ಜೇನುಗೂಡು ಕೆದಕಿದ ಹಾಗೆ ಶಬ್ದ. ಹಾಡುವ ಹುಡುಗಿ ಹಿಂದಿರುಗಿ ನೋಡಿದಳು. ಮುಂದಿನ ಸಾಲಿನ ಹಿರಿಯರೊಬ್ಬರು ಕಿವಿ ಮುಚ್ಚಿಕೊಂಡರು. ತಂತಿ ಮೇಲೆ ಕೈ ಇಟ್ಟರೆ ಸ್ವಲ್ಪ ಇಳಿಯುತ್ತಿತ್ತು, ಕೈ ತೆಗೆದರೆ ಮತ್ತೆ ಗುಂಯ್. ಅಷ್ಟು ಪ್ರೀತಿಯಿಂದ ಆರಿಸಿ ತಂದ ಗಿಟಾರಿನ ಮೇಲೆ ಆ ರಾತ್ರಿ ಬೇಸರವೇ ಬಂತು. ಅರ್ಧ ಕಾರ್ಯಕ್ರಮ ವಾಲ್ಯೂಮ್ ಇಳಿಸಿಕೊಂಡೇ ಕಳೆದೆ.

ತಪ್ಪು ಗಿಟಾರಿನದಾಗಿರಲಿಲ್ಲ. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಷ್ಟು ತೆಳುವಾದ ತಾಮ್ರ. ತಂತಿಯ ಕಂಪನವನ್ನು ಹಿಡಿಯುವ ಆ ಸುರುಳಿಯೇ ಸುತ್ತಲಿನ ಟ್ರಾನ್ಸ್‌ಫಾರ್ಮರು, ಡಿಮ್ಮರು, ವೈರುಗಳ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಯಾವ ಬ್ರ್ಯಾಂಡಿನ ಸಿಂಗಲ್ ಕಾಯಿಲ್ ಆದರೂ ಇದು ಇದ್ದದ್ದೇ. 1955ರಲ್ಲಿ ಗಿಬ್ಸನ್ ಗಿಟಾರ್ ಕಂಪನಿಯ ಸೇತ್ ಲವರ್ ಇದಕ್ಕೆ ಕಂಡುಕೊಂಡ ದಾರಿ ಸರಳ. ಎರಡು ಸುರುಳಿ ಪಕ್ಕಪಕ್ಕ ಇಟ್ಟು, ಒಂದರ ಅಯಸ್ಕಾಂತವನ್ನೂ ಸುತ್ತನ್ನೂ ಇನ್ನೊಂದಕ್ಕೆ ತಿರುಗುಮುರುಗು ಮಾಡಿದರು. ಹೊರಗಿನ ಗುಂಯ್ ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ಎದುರಾಗಿ ಬಂದು ಅಳಿದುಹೋಗುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಹಂಬಕರ್ ಅಂದರೆ ಅದೇ.

ಪೆಸಿಫಿಕಾದಲ್ಲಿ ಬ್ರಿಡ್ಜ್ (ಮೈಯ ಮೇಲೆ ತಂತಿ ಕೂರುವ ಭಾಗ) ಹತ್ತಿರ ಇರುವುದು ಹಂಬಕರ್. ನನ್ನ ಗುಂಡಿಯ ಕೆಲಸ ಇರುವುದು ಇಲ್ಲಿ. ಎಳೆದರೆ ಎರಡರಲ್ಲಿ ಒಂದೇ ಸುರುಳಿ ಉಳಿದು ದನಿ ತೆಳುವಾಗುತ್ತದೆ, ಸ್ಟ್ರಾಟ್‌ನ ಹೊಳಪು ಬರುತ್ತದೆ, ಜೊತೆಗೆ ಗುಂಯ್ ಕೂಡ. ಒತ್ತಿದರೆ ಎರಡೂ ಕೂಡಿ ದನಿ ದಪ್ಪವಾಗುತ್ತದೆ, ಗುಂಯ್ ನಿಂತುಹೋಗುತ್ತದೆ. ಆ ರಾತ್ರಿ ಇಂಟರ್‌ವಲ್ ನಂತರ ಗುಂಡಿ ಒತ್ತಿಟ್ಟು, ಸ್ವಿಚ್ಚನ್ನು ಬ್ರಿಡ್ಜ್ ಕಡೆ ತಳ್ಳಿ, ಟೋನನ್ನು ಮುಕ್ಕಾಲಿನಷ್ಟು ಇಳಿಸಿ ಮೆಲೊಡಿ ನುಡಿಸಿದೆ. ಸಿಂಗಲ್ ಕಾಯಿಲ್‌ನ ಸಿಹಿ ಪೂರ್ತಿ ಬರಲಿಲ್ಲ. ಆದರೆ ಹಾಡಿನ ನಡುವಿನ ಮೌನ ಮೌನವಾಗಿಯೇ ಇತ್ತು. ಕೊಳ್ಳುವಾಗ ಬಹುಮುಖಿ ಗಿಟಾರ್ ಅಂದರೆ ಎಷ್ಟು ಥರದ ದನಿ ಬರುತ್ತದೆ ಅಂತ ಎಣಿಸುತ್ತಿದ್ದೆ. ನಮ್ಮೂರ ವೇದಿಕೆಗಳಲ್ಲಿ ಬೇಕಾದಾಗ ಸುಮ್ಮನಿರಲು ಬರುತ್ತದೆಯೇ ಅನ್ನುವುದೂ ಅಷ್ಟೇ ಮುಖ್ಯ. ಮೂರೂ ಸಿಂಗಲ್ ಕಾಯಿಲ್ ಇರುವುದನ್ನು ತಂದಿದ್ದರೆ ಆ ರಾತ್ರಿ ನನಗೆ ಬ್ರಿಡ್ಜ್ ಕಡೆಗೂ ದಾರಿ ಇರುತ್ತಿರಲಿಲ್ಲ.

ಮುಂದಿನ ಮಳೆಗಾಲದ ಒಂದು ಭಾನುವಾರ ಪಿಕ್‌ಗಾರ್ಡ್ (ಮೈಯ ಮೇಲಿನ ತೆಳು ಹೊದಿಕೆ ಹಲಗೆ) ಬಿಚ್ಚಿ ಒಳಗಿನ ಗುಳಿಗೆಲ್ಲ ತಾಮ್ರದ ಟೇಪ್ ಅಂಟಿಸಿದೆ. ಟ್ಯೂಬ್‌ಲೈಟಿನ ಜಿರ್ ಶಬ್ದ ಕಡಿಮೆಯಾಯಿತು. ಟ್ರಾನ್ಸ್‌ಫಾರ್ಮರಿನ ಗುಂಯ್ ಟೇಪಿಗೆ ಬಗ್ಗುವುದಿಲ್ಲ, ಅದಕ್ಕೆ ಆಂಪ್ಲಿಫೈಯರಿನಿಂದ ದೂರ ನಿಂತು, ಸ್ವಲ್ಪ ತಿರುಗಿ, ಶಬ್ದ ಕಡಿಮೆಯಾಗುವ ದಿಕ್ಕು ಹುಡುಕಿಕೊಳ್ಳಬೇಕು. ಇನ್ನೊಂದು ಮಾತು ಎಲ್ಲರಿಗೂ. ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಚುರ್ ಅಂದರೆ, ತಂತಿ ಮುಟ್ಟಿದಾಗ ಜುಂ ಅಂದರೆ ತಕ್ಷಣ ನುಡಿಸುವುದು ನಿಲ್ಲಿಸಿ. ಅರ್ಥಿಂಗ್ ಸರಿಯಿಲ್ಲ ಅಂತ ಅರ್ಥ. ಜೀವ ಹೋಗುವ ವಿಷಯ ಅದು, ಮುಜುಗರ ಪಡದೆ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಮಳೆಯ ಜೊತೆಗಿನ ಬಾಳ್ವೆ ಈಗ ರೂಢಿಯಾಗಿದೆ. ನುಡಿಸುವ ಮೊದಲು ಕೈ ತೊಳೆದು ಒರೆಸಿಕೊಳ್ಳುತ್ತೇನೆ, ಕಾಫಿ ಹಣ್ಣಿನ ಅಂಟು ತಂತಿಗೆ ಬಿದ್ದರೆ ಬೆಳಿಗ್ಗೆಗೆ ಕಪ್ಪು. ನುಡಿಸಿ ಮುಗಿದ ಮೇಲೆ ಹಳೆಯ ಪಂಚೆಯ ತುಂಡನ್ನು ಹೆಬ್ಬೆರಳು ತೋರುಬೆರಳ ನಡುವೆ ಮಡಿಸಿ, ಒಂದೊಂದೇ ತಂತಿಯನ್ನು ಮೇಲೂ ಕೆಳಗೂ ಚಿವುಟಿ ಹಿಡಿದು ಬ್ರಿಡ್ಜ್‌ವರೆಗೆ ಎಳೆಯುತ್ತೇನೆ. ಆರನೆಯ ತಂತಿ ಎಳೆಯುವಾಗ ‘ಸ್ರ್ರ್’ ಅನ್ನುತ್ತದೆ, ಒಂದನೆಯದು ಇಲಿಯಂತೆ ಕಿರುಚುತ್ತದೆ. ಬಟ್ಟೆಯಲ್ಲಿ ಕಪ್ಪು ಗೆರೆ ಮೂಡಿದರೆ ತಂತಿಗೆ ವಯಸ್ಸಾಯಿತು ಅಂತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲಿಕ್ಸರ್‌ನ ಲೇಪನ ಇರುವ ತಂತಿ ಹಾಕುತ್ತೇನೆ. ಮಾಮೂಲಿ ತಂತಿಗಿಂತ ನನಗೆ ಹೆಚ್ಚುಕಡಿಮೆ ಮೂರು ಪಟ್ಟು ಬೀಳುತ್ತದೆ, ಆದರೆ ಮಳೆಯಲ್ಲಿ ಮಾಮೂಲಿಯದು ಹದಿನೈದು ದಿನ ತಡೆಯುವುದಿಲ್ಲ, ಇದು ಎರಡು ತಿಂಗಳು ದಾಟುತ್ತದೆ. ಗಟ್ಟಿ ಕೇಸಿನೊಳಗೆ ಸಿಲಿಕಾ ಜೆಲ್ ಚೀಲ ನಾಲ್ಕು, ವಾರಕ್ಕೊಮ್ಮೆ ಒಲೆಯ ಪಕ್ಕ ಬಿಸಿ ಮಾಡಿ ಒಣಗಿಸಿ ಮತ್ತೆ ಒಳಗೆ. ಗಿಟಾರನ್ನೇ ಒಲೆಯ ಹತ್ತಿರ ಇಡಬೇಡಿ. ತಮಟೆಯನ್ನು ಕಾಯಿಸಿದ ಹಾಗೆ ಇದನ್ನು ಕಾಯಿಸಲು ಬರುವುದಿಲ್ಲ, ನೆಕ್ ತಿರುಚಿಕೊಳ್ಳುತ್ತದೆ. ಟ್ರಸ್ ರಾಡ್ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ, ತಿರುಗಿಸಿ ಒಂದು ದಿನ ಬಿಟ್ಟು ನೋಡಿ.

ಕರೆಂಟ್ ಹೋಗಿ ಎರಡು ಮೂರು ದಿನ ಬಾರದಿದ್ದಾಗಲೂ ಇದನ್ನು ನುಡಿಸುತ್ತೇನೆ. ಶೀಟಿನ ಮೇಲೆ ಮಳೆ ಬೀಳುವಾಗ ಪ್ಲಗ್ ಇಲ್ಲದ ಎಲೆಕ್ಟ್ರಿಕ್ ಗಿಟಾರ್ ಪಕ್ಕದಲ್ಲಿ ಕೂತವರಿಗೂ ಕೇಳಿಸುವುದಿಲ್ಲ. ಅದಕ್ಕೆ ಗಲ್ಲವನ್ನು ಮೈಯ ಮೇಲಿನ ಕೊಂಬಿಗೆ ಒತ್ತಿ ಹಿಡಿಯುತ್ತೇನೆ. ಆಗ ನಾದ ದವಡೆಯ ಮೂಳೆಯೊಳಗಿಂದ ನೇರ ಕಿವಿಗೆ ಬರುತ್ತದೆ, ಹೊರಗಿನ ಮಳೆ ಎಷ್ಟೇ ಜೋರಾಗಿರಲಿ. ನಮ್ಮ ಮನೆಯಲ್ಲಿ ಈ ಗಿಟಾರ್ ಅತ್ಯಂತ ಚೆನ್ನಾಗಿ ಕೇಳಿಸುವುದು ಆ ಹೊತ್ತಿನಲ್ಲೇ.

ಬರೀ ಹೆವಿ ಮೆಟಲ್ ನುಡಿಸುವವರು ಎರಡು ಹಂಬಕರ್ ಇರುವುದನ್ನೇ ನೋಡಿ. ಸ್ವರ ಅಲುಗಿಸುವ ಟ್ರೆಮೊಲೊ ಕಡ್ಡಿ ಬಳಸದವರು ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್ ಬಿಗಿ ಮಾಡಿ, ಬ್ರಿಡ್ಜ್ ಮೈಗೆ ಅಂಟಿ ಕೂರಲಿ. ಒಂದು ತಂತಿ ಕಡಿದರೂ ಉಳಿದ ಐದರ ಶ್ರುತಿ ಕೆಡುವುದಿಲ್ಲ. ನಾನು ಎರಡನೆಯ ವರ್ಷವೇ ಹಾಗೆ ಮಾಡಿಕೊಂಡೆ. ಆರ್ಕೆಸ್ಟ್ರಾ, ಚರ್ಚ್, ಮನೆ, ಎಲ್ಲದಕ್ಕೂ ಒಂದೇ ಗಿಟಾರ್ ಬೇಕು, ದುಡ್ಡು ಲೆಕ್ಕದ್ದು ಅನ್ನುವವರಿಗೆ ಎರಡು ಸಿಂಗಲ್ ಕಾಯಿಲ್, ಒಂದು ಹಂಬಕರ್ ಇರುವ ಗಿಟಾರನ್ನೇ ಹೇಳುತ್ತೇನೆ, ಬ್ರ್ಯಾಂಡ್ ಯಾವುದಾದರೂ ಇರಲಿ. ಕೈಯಿಂದ ಸವರಿ ನೋಡಿದ್ದರಲ್ಲಿ ನನಗೆ ಒಪ್ಪಿದ್ದು ಪೆಸಿಫಿಕಾ, ಈಗ ಕೊಳ್ಳಬೇಕಾದರೂ ಅದನ್ನೇ ಕೊಳ್ಳುತ್ತೇನೆ.

ಆರು ವರ್ಷಕ್ಕೆ ಎರಡನೆಯ, ಮೂರನೆಯ ಫ್ರೆಟ್ ಮೇಲೆ ತಂತಿ ಕೂತು ಸಣ್ಣ ತಗ್ಗು ಬಿದ್ದಿದೆ, ಬೆರಳಿಗೆ ತಿಳಿಯುತ್ತದೆ. ಅರೇಬಿಕಾ ಕೊಯ್ಲು ಶುರುವಾದರೆ ನನಗೆ ಬಿಡುವಿಲ್ಲ, ಅಷ್ಟರೊಳಗೆ ಮೈಸೂರಿಗೆ ಒಯ್ದು ತಿಕ್ಕಿಸಿಕೊಂಡು ಬರಬೇಕು.